ಮಲೆನಾಡಿನಲ್ಲಿ ಮೊದಲ ಗಿಟಾರ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆಯ ಮಕ್ಕಳು, ಅವರ ಅಪ್ಪ-ಅಮ್ಮ ಗಿಟಾರ್ ಕೊಳ್ಳುವ ಮೊದಲು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಗಿಟಾರ್ ಬಗ್ಗೆ ಇಂಟರ್ನೆಟ್‌ನಲ್ಲಿ ಸಲಹೆಗೆ ಬರವಿಲ್ಲ. ಆದರೆ ಅದರಲ್ಲಿ ಹೆಚ್ಚಿನದು ನಮ್ಮ ಮಳೆಯನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ. ಆಸೆಯಿಂದ ಶುರು ಮಾಡಿದ ಎಷ್ಟೋ ಮಕ್ಕಳು ಎರಡು ಮೂರು ತಿಂಗಳಲ್ಲಿ ಗಿಟಾರ್ ಕೆಳಗಿಡುತ್ತಾರೆ. ಸೋಮಾರಿತನ ಅಂತ ಮನೆಯವರು ಬೈಯುತ್ತಾರೆ. ಬಹಳ ಸಲ ತಪ್ಪು ಮಗುವಿನದಲ್ಲ. ಎಡಗೈಯಲ್ಲಿ ಹಿಡಿಯುವ ಉದ್ದನೆಯ ನೆಕ್ಕಿನಿಂದ ತಂತಿ ಒತ್ತೋಕೇ ಆಗದಷ್ಟು ಎತ್ತರದಲ್ಲಿರುತ್ತದೆ. ಅದಕ್ಕೇ ಇಲ್ಲಿ ಬ್ರ್ಯಾಂಡ್‌ಗಿಂತ ತಂತಿಯ ಎತ್ತರದ ಮಾತು ಜಾಸ್ತಿ.

ಎಷ್ಟು ದುಡ್ಡು ತೆಗೆದಿಡಬೇಕು?

ಹೊಸ ಅಕೌಸ್ಟಿಕ್ ಗಿಟಾರ್ ಆದರೆ ಸುಮಾರು 8,000ದಿಂದ 12,000 ರೂಪಾಯಿ ಇಟ್ಟುಕೊಳ್ಳಿ. ಈ ಬೆಲೆಯಲ್ಲಿ ಶ್ರುತಿ ನಿಲ್ಲುವ, ನೆಕ್ ನೇರ ಇರುವ, ನಾಲ್ಕೈದು ವರ್ಷ ಧೈರ್ಯವಾಗಿ ನುಡಿಸಬಹುದಾದ ಗಿಟಾರ್ ಸಿಗುತ್ತದೆ. ಇದರ ಮೇಲೆ ಬ್ಯಾಗ್, ಶ್ರುತಿ ತೋರಿಸುವ ಟ್ಯೂನರ್, ಒಂದು ಸೆಟ್ ತಂತಿ, ಸೆಟಪ್ (ತಂತಿಯ ಎತ್ತರ, ನೆಕ್ ಸರಿ ಮಾಡಿಸುವ ಕೆಲಸ) ಖರ್ಚು ಅಂತ ಇನ್ನೊಂದು 2,000 ರೂಪಾಯಿ ಬೇಕು. ಕೈಯಲ್ಲಿ ಒಟ್ಟು 10,000 ಇದ್ದರೆ ಪೂರ್ತಿ ಗಿಟಾರ್‌ಗೇ ಸುರಿಯಬೇಡಿ. 8,000ದ ಗಿಟಾರ್ ತಗೊಂಡು ಉಳಿದದ್ದನ್ನು ಸೆಟಪ್‌ಗೆ ಇಡಿ.

ಮೊದಲು ಅಗ್ಗದ್ದು ತಗೊಂಡು, ಕಲಿತ ಮೇಲೆ ಒಳ್ಳೇದು ತಗೊಂಡರೆ ಆಗಲ್ವಾ?

ಲೆಕ್ಕ ಸರಿ ಅಂತ ಕಾಣುತ್ತದೆ, ಆದರೆ ಕಷ್ಟ ಬೀಳೋದು ಕಲಿಯುವವರಿಗೇ. 2,500-3,000 ರೂಪಾಯಿಯ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ ಮೂರು ತೊಂದರೆ. ತಂತಿ ಎತ್ತರ ಇರುತ್ತದೆ. ತಂತಿ ಬಿಗಿ ಮಾಡುವ ಟ್ಯೂನಿಂಗ್ ಕೀಗಳು ಸಡಿಲ ಇದ್ದು, ಒಂದು ಹಾಡು ಮುಗಿಯುವಷ್ಟರಲ್ಲಿ ಶ್ರುತಿ ಇಳಿಯುತ್ತದೆ. ಫ್ರೆಟ್‌ಗಳು, ಅಂದರೆ ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳು, ಅಳತೆ ತಪ್ಪಿ ಕೂತಿದ್ದರೆ ಗಿಟಾರ್ ತಲೆಯ ಕಡೆ ಸರಿಯಾಗಿರುವ ಶ್ರುತಿ ಬಾಡಿಯ ಕಡೆಗೆ ಬಂದ ಹಾಗೆ ಅಪಸ್ವರ ಆಗುತ್ತದೆ.

ಚೆನ್ನಾಗಿ ನುಡಿಸುವವರಿಗೆ ಇವನ್ನು ಸುಧಾರಿಸಿಕೊಂಡು ಹೋಗುವುದು ಗೊತ್ತಿರುತ್ತದೆ. ಹೊಸಬರಿಗೆ ಗೊತ್ತಿರುವುದಿಲ್ಲ. ಎಫ್ ಕಾರ್ಡ್ (ಕಾರ್ಡ್ ಅಂದರೆ ಹಲವು ತಂತಿ ಒಟ್ಟಿಗೆ ಒತ್ತಿ ನುಡಿಸುವ ಸ್ವರಗುಚ್ಛ) ಹಿಡಿಯೋಕೆ ಆಗದಿದ್ದರೆ ತನ್ನ ಬೆರಳಿನಲ್ಲೇ ಶಕ್ತಿ ಇಲ್ಲ ಅಂದುಕೊಳ್ಳುತ್ತಾರೆ. ಇದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕಲಿಯುವವರಿಗೆ ಸುಲಭದ ಗಿಟಾರ್ ಬೇಕು, ಅಲ್ವಾ? ದುಡ್ಡಿಗೆ ನಿಜವಾಗಿ ಬಿಗಿ ಇದ್ದರೆ ಹೊಸ ಅಗ್ಗದ ಗಿಟಾರ್‌ಗಿಂತ ಹಳೆಯ ಒಳ್ಳೆ ಗಿಟಾರ್ ಹುಡುಕಿ. ಅದರ ಬಗ್ಗೆ ಕೆಳಗೆ ಬರೆದಿದ್ದೇನೆ.

ಅಕೌಸ್ಟಿಕ್, ಕ್ಲಾಸಿಕಲ್, ಎಲೆಕ್ಟ್ರಿಕ್: ಯಾವುದರಲ್ಲಿ ಶುರು ಮಾಡೋದು?

ಯಾವ ಹಾಡು ನುಡಿಸುವ ಆಸೆ ಇದೆ ಅನ್ನುವುದರ ಮೇಲೆ ನಿಂತಿದೆ. ಸಿನಿಮಾ ಹಾಡು, ಭಾವಗೀತೆಗೆ ಕಾರ್ಡ್ಸ್ ಹಿಡಿದು ಹಾಡಬೇಕು ಅಂದರೆ ಸ್ಟೀಲ್ ತಂತಿಯ ಅಕೌಸ್ಟಿಕ್. ಬೆರಳಿನಿಂದ ಬಿಡಿಸಿ ಬಿಡಿಸಿ ನುಡಿಸಬೇಕು ಅನ್ನುವವರಿಗೆ, ಚಿಕ್ಕ ಮಕ್ಕಳಿಗೆ, ಬೆರಳು ಮೆತ್ತಗಿರುವವರಿಗೆ ನೈಲಾನ್ ತಂತಿಯ ಕ್ಲಾಸಿಕಲ್. ಇದರ ನೆಕ್ ಅಗಲ. ತಲೆಯ ಹತ್ತಿರ ಸುಮಾರು 52 ಮಿ.ಮೀ. ಇರುತ್ತದೆ, ಅಕೌಸ್ಟಿಕ್‌ನಲ್ಲಿ 43ರ ಆಸುಪಾಸು. ಲಂಡನ್ನಿನ ಟ್ರಿನಿಟಿ ಕಾಲೇಜಿನ ಕ್ಲಾಸಿಕಲ್ ಗಿಟಾರ್ ಗ್ರೇಡ್ ಪರೀಕ್ಷೆ ಬರೆಸುವ ಯೋಚನೆ ಇದ್ದರೆ ನೈಲಾನ್ ತಂತಿಯದೇ ಬೇಕು.

ಎಲೆಕ್ಟ್ರಿಕ್ ಒತ್ತಲು ಎಲ್ಲಕ್ಕಿಂತ ಹಗುರ. ರಾಕ್ ಸಂಗೀತವೇ ಪ್ರಾಣ ಅನ್ನುವ ಹುಡುಗರಿಗೆ "ಮೊದಲು ಅಕೌಸ್ಟಿಕ್ ಕಲಿ, ಆಮೇಲೆ ನೋಡೋಣ" ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಆಂಪ್ಲಿಫೈಯರ್ ಖರ್ಚು ಬೇರೆ ಆಗುತ್ತದೆ. ಜುಲೈ ತಿಂಗಳಲ್ಲಿ ಮರ ಬಿದ್ದು ಕರೆಂಟ್ ಹೋದರೆ ನಮ್ಮ ಹಳ್ಳಿಗಳಲ್ಲಿ ಎರಡು ದಿನ ಬರದೆಯೂ ಇರುತ್ತದೆ. ಬ್ಯಾಟರಿಯಲ್ಲಿ ನಡೆಯುವ ಚಿಕ್ಕ ಆಂಪ್ ಅಥವಾ ಹೆಡ್‌ಫೋನ್ ಆಂಪ್ ತಗೊಳ್ಳಿ. ಗುಡುಗು-ಸಿಡಿಲು ಇರುವಾಗ ಪ್ಲಗ್ ಹಾಕಿ ನುಡಿಸಬೇಡಿ.

ಒಂದು ಎಚ್ಚರಿಕೆ. ಕ್ಲಾಸಿಕಲ್ ಗಿಟಾರ್‌ಗೆ ಯಾವ ಕಾರಣಕ್ಕೂ ಸ್ಟೀಲ್ ತಂತಿ ಹಾಕಬೇಡಿ. ಆರು ಸ್ಟೀಲ್ ತಂತಿ ಸೇರಿ ಸುಮಾರು 70 ಕೆ.ಜಿ. ಭಾರದಷ್ಟು ಎಳೆಯುತ್ತವೆ. ನೈಲಾನ್ 40ರ ಆಸುಪಾಸು. ಅಷ್ಟಕ್ಕೆ ಅಂತ ಮಾಡಿದ ಬಾಡಿ ಸ್ಟೀಲ್ ತಂತಿಯ ಸೆಳೆತಕ್ಕೆ ಬಗ್ಗುತ್ತದೆ, ಬಾಡಿಯ ಮೇಲೆ ತಂತಿಯ ತುದಿ ಹಿಡಿದಿರುವ ಬ್ರಿಡ್ಜ್ ಕಿತ್ತು ಬರುತ್ತದೆ.

ನನಗೆ ನುಡಿಸೋಕೇ ಬರಲ್ಲ. ಅಂಗಡಿಯಲ್ಲಿ ಏನಂತ ನೋಡಲಿ?

ನುಡಿಸೋಕೆ ಬರದಿದ್ದರೂ ನೋಡೋಕೆ ಬರುತ್ತದೆ. ನಾಲ್ಕು ಎಟಿಎಂ ಕಾರ್ಡ್, ಟ್ಯೂನರ್ ಆ್ಯಪ್ ಹಾಕಿದ ಮೊಬೈಲ್ ಜೊತೆಗಿರಲಿ. ಹಗಲು ಹೊತ್ತು ಹೋಗಿ. ಅಂಗಡಿಯವರಿಗೆ ಮೊದಲೇ "ಸ್ವಲ್ಪ ಹೊತ್ತು ಕೂತು ನೋಡ್ತೀನಿ" ಅಂತ ಹೇಳಿ. ಒಳ್ಳೆ ಅಂಗಡಿಯವರು ಬೇಡ ಅನ್ನುವುದಿಲ್ಲ. ಪ್ಯಾಕ್ ಬಿಚ್ಚೋಕೇ ಬಿಡಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ.

ಮೊದಲು ಶ್ರುತಿ ಮಾಡಿಸಿ. ದಪ್ಪ ತಂತಿಯಿಂದ ಸಣ್ಣ ತಂತಿಯವರೆಗೆ ಇ, ಎ, ಡಿ, ಜಿ, ಬಿ, ಇ. ಶ್ರುತಿ ಆಗದ ಗಿಟಾರ್‌ನಲ್ಲಿ ತಂತಿಯ ಎತ್ತರ ಅಳೆದು ಉಪಯೋಗವಿಲ್ಲ. ತಂತಿ ಸಡಿಲ ಇದ್ದರೆ ಎಲ್ಲವೂ ಮೆತ್ತಗೇ ಅನಿಸುತ್ತದೆ.

ಆಮೇಲೆ 12ನೇ ಫ್ರೆಟ್ ಹುಡುಕಿ. ನೆಕ್ ಮೇಲೆ ಸಾಮಾನ್ಯವಾಗಿ ಎರಡು ಚುಕ್ಕೆ ಇರುವ ಜಾಗ ಅದು. ಕ್ಲಾಸಿಕಲ್‌ನಲ್ಲಿ ಚುಕ್ಕೆ ಇರದಿದ್ದರೆ ನೆಕ್ ಬಾಡಿಗೆ ಸೇರುವ ಕಡೆ. ಆ ಫ್ರೆಟ್ಟಿನ ಲೋಹದ ಪಟ್ಟಿಗೂ ಎಲ್ಲಕ್ಕಿಂತ ದಪ್ಪ ತಂತಿಗೂ ನಡುವಿನ ಸಂದಿ ನೋಡಿ. ಉಬ್ಬು ಅಕ್ಷರ ಇರದ ಎಟಿಎಂ ಕಾರ್ಡ್ 0.76 ಮಿ.ಮೀ. ದಪ್ಪ. ಮೂರನ್ನು ಒಟ್ಟಿಗೆ ಹಿಡಿದರೆ ಸುಮಾರು 2.3 ಮಿ.ಮೀ. ಈ ಮೂರು ಕಾರ್ಡ್ ತಂತಿಯ ಕೆಳಗೆ ತಂತಿಯನ್ನು ಎತ್ತದೆ ಹಾಗೇ ಹೋಗಿ, ಇನ್ನು ಕೂದಲೆಳೆಯಷ್ಟೇ ಜಾಗ ಉಳಿದರೆ ಸ್ಟೀಲ್ ತಂತಿಯ ಗಿಟಾರ್‌ಗೆ ಎತ್ತರ ಸರಿಯಾಗಿದೆ. ನಾಲ್ಕನೇ ಕಾರ್ಡೂ ಆರಾಮಾಗಿ ಹೋದರೆ 3 ಮಿ.ಮೀ. ದಾಟಿತು ಅಂತ ಅರ್ಥ. ಹೊಸಬರಿಗೆ ಅದು ಹಿಂಸೆ. ಸಣ್ಣ ತಂತಿಯ ಕೆಳಗೆ ಎರಡು ಕಾರ್ಡ್ ಹೋಗಿ ಚೂರು ಜಾಗ ಉಳಿದರೆ ಸಾಕು. ಕ್ಲಾಸಿಕಲ್‌ನಲ್ಲಿ ದಪ್ಪ ತಂತಿಗೆ ನಾಲ್ಕು ಕಾರ್ಡಿನಷ್ಟು, ಅದಕ್ಕಿಂತ ಕೂದಲೆಳೆ ಜಾಸ್ತಿ ಇದ್ದರೂ ಪರವಾಗಿಲ್ಲ, ನೈಲಾನ್ ತಂತಿ ಹೆಚ್ಚು ಅಗಲಕ್ಕೆ ಅಲುಗಾಡುತ್ತದೆ.

ಎತ್ತರ ಜಾಸ್ತಿ ಇದ್ದ ಮಾತ್ರಕ್ಕೆ ಗಿಟಾರ್ ಬಿಡಬೇಕಿಲ್ಲ. ಬ್ರಿಡ್ಜ್ ಮೇಲೆ ತಂತಿ ಕೂರುವ ಬಿಳಿ ಪಟ್ಟಿಗೆ ಸ್ಯಾಡಲ್ ಅಂತಾರೆ. ಅದನ್ನು ಹೊರತೆಗೆದು ಅಡಿಯನ್ನು ಮಟ್ಟವಾಗಿ ಉಜ್ಜಿ ತಗ್ಗಿಸಬಹುದು. ನೆಕ್ ಬಾಗಿದ್ದರೆ ಒಳಗಿನ ಲೋಹದ ಕಡ್ಡಿಯನ್ನು, ಅಂದರೆ ಟ್ರಸ್ ರಾಡನ್ನು, ಆಲನ್ ಕೀಯಿಂದ ಸ್ವಲ್ಪ ತಿರುಗಿಸಿ ಸರಿ ಮಾಡುತ್ತಾರೆ. ಇದೆಲ್ಲ ಸೇರಿದ್ದೇ ಸೆಟಪ್. "ಸೆಟಪ್ ಮಾಡಿ ಕೊಡ್ತೀರಾ?" ಅಂತ ಕೇಳಿ. ಮಾಡಿಕೊಡುವ ಅಂಗಡಿಗೆ 500 ರೂಪಾಯಿ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಮುಂದಿನದು ಸ್ವರ. ದಪ್ಪ ತಂತಿಯನ್ನು ಒತ್ತದೆ ಮೀಟಿ, ಆ್ಯಪ್ ಇ ತೋರಿಸಲಿ. ಈಗ ಅದೇ ತಂತಿಯನ್ನು 12ನೇ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಅಲ್ಲೂ ಇ ಬರಬೇಕು, ಮೇಲಿನ ಸ್ಥಾಯಿಯದು. ಮುಳ್ಳು ಚೂರು ಅತ್ತಿತ್ತ ಆದರೆ ಸರಿ, ತುಂಬಾ ದೂರ ಹೋದರೆ ಬೇಡ. ಆರೂ ತಂತಿಗೆ ಹೀಗೇ ಮಾಡಿ. ನಂತರ ಒಂದೊಂದೇ ಫ್ರೆಟ್ ಒತ್ತುತ್ತಾ ಕೆಳಗೆ ಬನ್ನಿ. ಎಲ್ಲಿಯಾದರೂ ಜರ್ ಅನ್ನುತ್ತದಾ, ಎಲ್ಲಿಯಾದರೂ ಸದ್ದು ಸತ್ತುಹೋಗುತ್ತದಾ ಅಂತ ಕೇಳಿಸಿಕೊಳ್ಳಿ.

ಇನ್ನುಳಿದದ್ದು ಬೇಗ ಆಗುತ್ತದೆ. ನೆಕ್ಕಿನ ಅಂಚಿನ ಮೇಲೆ ಕೈ ಸವರಿ, ಫ್ರೆಟ್ ತುದಿ ಚುಚ್ಚಬಾರದು. ಬ್ರಿಡ್ಜ್ ಹಿಂದೆ ತೆಳುವಾದ ಕಾಗದ ತೂರಿಸಿ ನೋಡಿ, ಒಳಗೆ ಹೋದರೆ ಅಂಟು ಬಿಡುತ್ತಿದೆ. ಟ್ಯೂನಿಂಗ್ ಕೀ ತಿರುಗಿಸಿದಾಗ ಅಲುಗಾಡದೆ ನುಣ್ಣಗೆ ತಿರುಗಬೇಕು.

ಯಾವ ಕಂಪನಿ ಒಳ್ಳೇದು?

ಹೆಸರು ಹೇಳಿ ಅನ್ನುವವರಿಗೆ ನಾನು ಯಮಹಾ ಎಫ್280, ಎಫ್310 ಹೇಳುತ್ತೇನೆ. ಕ್ಲಾಸಿಕಲ್‌ನಲ್ಲಾದರೆ ಸಿ40. ಒಂದು ಪೀಸಿಗೂ ಇನ್ನೊಂದಕ್ಕೂ ಹೆಚ್ಚು ವ್ಯತ್ಯಾಸ ಇರದ ಹಾಗೆ ಮಾಡುತ್ತಾರೆ, ಮಾರುವಾಗಲೂ ಬೆಲೆ ಸಿಗುತ್ತದೆ. ಎಫ್310ರಲ್ಲಿ ತಂತಿಯ ಉದ್ದ 634 ಮಿ.ಮೀ. ದೊಡ್ಡ ಗಿಟಾರ್‌ಗಳಲ್ಲಿ ಹೆಚ್ಚಾಗಿ 648 ಇರುತ್ತದೆ. ಈ ಚೂರು ವ್ಯತ್ಯಾಸದಿಂದ ಬಿಗಿ ಸ್ವಲ್ಪ ಕಡಿಮೆ, ಫ್ರೆಟ್‌ಗಳೂ ಸ್ವಲ್ಪ ಹತ್ತಿರ. ಕಾರ್ಟ್, ಫೆಂಡರ್, ಐಬನೆಜ್ ಕೂಡ ಈ ಬೆಲೆಯ ಆಸುಪಾಸಿನಲ್ಲಿ ಒಳ್ಳೆ ಗಿಟಾರ್ ಮಾಡುತ್ತಾರೆ. ಕೋಲ್ಕತ್ತದ ಗಿವ್ಸನ್ ನಮ್ಮ ದೇಶದಲ್ಲಿ ಬಹಳ ಜನರ ಮೊದಲ ಗಿಟಾರ್. ಮೇಲೆ ಹೇಳಿದ ಪರೀಕ್ಷೆಯಲ್ಲಿ ಪಾಸಾದರೆ ತಲೆಯ ಮೇಲೆ ಯಾವ ಹೆಸರಿದ್ದರೂ ತಗೊಳ್ಳಿ.

ಸಾಲಿಡ್ ಟಾಪ್ ಇರೋದೇ ತಗೊಳ್ಳಿ ಅಂತಾರಲ್ಲ?

ಮುಂಭಾಗದ ಹಲಗೆ ಒಂದೇ ಮರದಿಂದ ಸೀಳಿದ್ದಾದರೆ ಸಾಲಿಡ್ ಟಾಪ್. ತೆಳು ಪದರಗಳನ್ನು ಅಂಟಿಸಿದ್ದಾದರೆ ಲ್ಯಾಮಿನೇಟ್. ಸಾಲಿಡ್ ಟಾಪ್‌ನ ನಾದ ತುಂಬು ನಾದ, ಅದರಲ್ಲಿ ಎರಡು ಮಾತಿಲ್ಲ. ಯಮಹಾ ಎಫ್‌ಜಿ800 ಇಂಥದ್ದು. ಆದರೆ ಒಂದೇ ಹಲಗೆ ಅಂದ ಮೇಲೆ ಅದು ತೇವ ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಲ್ಯಾಮಿನೇಟ್‌ನಲ್ಲಿ ಒಂದು ಪದರದ ಎಳೆ ಇನ್ನೊಂದಕ್ಕೆ ಅಡ್ಡ ಇರುವುದರಿಂದ ಅಷ್ಟು ಅಲುಗುವುದಿಲ್ಲ. ತೀರ್ಥಹಳ್ಳಿಯಿಂದ ಮೇಲೆ, ಆಗುಂಬೆ, ಶೃಂಗೇರಿ, ಕೊಪ್ಪ ಕಡೆಯ ಮನೆಗಳಿಗೆ ಮೊದಲ ಗಿಟಾರ್ ಆಗಿ ನಾನು ಲ್ಯಾಮಿನೇಟ್ ತಗೊಳ್ಳಿ ಅಂತಲೇ ಹೇಳುತ್ತೇನೆ. ಅದನ್ನು ನೋಡಿಕೊಳ್ಳುವ ಅಭ್ಯಾಸ ಆದ ಮೇಲೆ ಎರಡನೆಯದು ಸಾಲಿಡ್ ಆಗಲಿ.

ಮರದ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಜಗತ್ತಿನ ದುಬಾರಿ ಗಿಟಾರ್‌ಗಳ ಹಿಂಭಾಗಕ್ಕೆ, ಪಕ್ಕಗಳಿಗೆ ಬಳಸುವ ಇಂಡಿಯನ್ ರೋಸ್‌ವುಡ್ ನಮ್ಮ ಕಾಡಿನ ಬೀಟೆ ಮರವೇ. ಈ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರಲ್ಲಿ ಬಿಗಿ ನಿಯಮ ಬಂತು, 2019ರಲ್ಲಿ ಪೂರ್ತಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಮೊದಲ ಗಿಟಾರ್‌ನಲ್ಲಿ ಬೀಟೆ ಇರಲೇಬೇಕು ಅಂತ ಹುಡುಕಬೇಡಿ. ಈ ಬೆಲೆಗೆ ಅದು ನಿಜವಾದ ಬೀಟೆ ಆಗಿರುವುದು ಅಪರೂಪ.

ಮಳೆಗಾಲದಲ್ಲಿ ಗಿಟಾರ್ ಹಾಳಾಗುತ್ತಾ?

ನೋಡಿಕೊಳ್ಳದಿದ್ದರೆ ಹಾಳಾಗುತ್ತದೆ. ಗಿಟಾರ್‌ಗೆ ಹಿತವಾದ ತೇವಾಂಶ ಶೇ. 45ರಿಂದ 55. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಎಷ್ಟೋ ದಿನ ಶೇ. 85-90 ದಾಟಿರುತ್ತದೆ. ಆಗುಂಬೆಯಲ್ಲಂತೂ ವರ್ಷಕ್ಕೆ 7,000 ಮಿ.ಮೀ. ಮಳೆ ಮಾಮೂಲು.

ಮರ ತೇವ ಹೀರಿದಾಗ ಬ್ರಿಡ್ಜ್ ಹಿಂದಿನ ಹಲಗೆ ಹೊಟ್ಟೆ ಬಿಡುತ್ತದೆ. ಅದರ ಜೊತೆ ಬ್ರಿಡ್ಜ್ ಮೇಲೇಳುತ್ತದೆ, ತಂತಿಯೂ ಏರುತ್ತದೆ. ಮೇ ತಿಂಗಳಲ್ಲಿ ಮೂರು ಕಾರ್ಡ್ ಹೋಗುತ್ತಿದ್ದ ಸಂದಿಯಲ್ಲಿ ಆಗಸ್ಟ್‌ನಲ್ಲಿ ನಾಲ್ಕು ಹೋಗುತ್ತವೆ. ಮಗು ಜೂನ್‌ನಲ್ಲಿ ಶಾಲೆ ಶುರುವಾದಾಗ ಕ್ಲಾಸಿಗೆ ಸೇರಿ ಆಗಸ್ಟ್‌ನಲ್ಲಿ "ಬೆರಳು ನೋವು" ಅಂದರೆ ಮೊದಲು ತಂತಿ ಅಳೆಯಿರಿ. ಸದ್ದು ಮಂಕಾಗುವುದು, ತಂತಿಗೆ ತುಕ್ಕು ಹಿಡಿಯುವುದು, ಬ್ಯಾಗಿನ ಒಳಗೆ ಬೂಷ್ಟು ಬರುವುದು ಇವೆಲ್ಲ ಇದರ ಜೊತೆಗೇ.

ಹೊರಗೋಡೆಗೆ ಗಿಟಾರ್ ತೂಗುಹಾಕಬೇಡಿ. ಮಳೆಯ ಹೊಡೆತ ಬೀಳುವ ಗೋಡೆ ಒಳಗಿನಿಂದಲೂ ತಣ್ಣಗೆ ಒದ್ದೆಯಾಗಿರುತ್ತದೆ. ಅಟ್ಟದ ಮೇಲೂ ಬೇಡ, ಅಲ್ಲಿ ಮಳೆಗಾಲದಲ್ಲಿ ಥಂಡಿ, ಬೇಸಿಗೆಯಲ್ಲಿ ಹೆಂಚಿನ ಕಾವು. ಬಚ್ಚಲ ಒಲೆಯ ಹತ್ತಿರ ಒಣಗುತ್ತದೆ ಅಂತ ಇಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಮನೆಯ ನಡುವಿನ ಕೋಣೆ, ಕೇಸ್ ಅಥವಾ ದಪ್ಪ ಬ್ಯಾಗ್, ಅದರೊಳಗೆ ನಾಲ್ಕೈದು ದೊಡ್ಡ ಸಿಲಿಕಾ ಜೆಲ್ ಪೊಟ್ಟಣ: ಇಷ್ಟಾದರೆ ಸಾಕು. ಬಣ್ಣ ಬದಲಾಗುವ ಜೆಲ್ ತಗೊಂಡರೆ ತೇವ ಹೀರಿದ್ದು ಗೊತ್ತಾಗುತ್ತದೆ. ಪೊಟ್ಟಣದ ಮೇಲೆ ಹೇಳಿದ ಹಾಗೆ ಬಿಸಿ ಮಾಡಿ ಮತ್ತೆ ಬಳಸಬಹುದು. ತೇವಾಂಶ ತೋರಿಸುವ ಚಿಕ್ಕ ಡಿಜಿಟಲ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಅದನ್ನು ಕೇಸಿನೊಳಗೇ ಇಡಿ.

ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ತಂತಿ ಒರೆಸಿ. ದಿನಾ ನುಡಿಸುವ ಗಿಟಾರ್‌ಗೆ ಬೂಷ್ಟು ಬರುವುದು ಕಡಿಮೆ.

ಬೇಸಿಗೆಯಲ್ಲಿ ಕಾಟ ಉಲ್ಟಾ. ಮಾರ್ಚ್-ಏಪ್ರಿಲ್‌ನಲ್ಲಿ ಶಿವಮೊಗ್ಗ ಪೇಟೆಯಲ್ಲಿ ಬಿಸಿಲು 35 ಡಿಗ್ರಿ ದಾಟುತ್ತದೆ. ಮರ ಕುಗ್ಗಿ ಫ್ರೆಟ್ ತುದಿಗಳು ಹೊರಗೆ ಚಾಚುತ್ತವೆ, ತಂತಿ ತಗ್ಗಿ ಜರ್ ಅನ್ನುತ್ತದೆ. ಆಗ ಸಿಲಿಕಾ ಜೆಲ್ ತೆಗೆದುಬಿಡಿ. ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋಗಲೇಬೇಡಿ. ಆ ಬಿಸಿಗೆ ಬ್ರಿಡ್ಜಿನ ಅಂಟು ಮೆತ್ತಗಾಗುತ್ತದೆ.

ಗಿಟಾರ್ ಕೊಳ್ಳೋಕೆ ಯಾವ ತಿಂಗಳು ಒಳ್ಳೇದು?

ಸಾಧ್ಯವಾದರೆ ನವೆಂಬರ್‌ನಿಂದ ಫೆಬ್ರವರಿ. ಗಾಳಿ ಹದವಾಗಿರುತ್ತದೆ, ಆಗ ಮಾಡಿದ ಸೆಟಪ್ ನಂಬಬಹುದು. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ದುಡ್ಡು ಓಡಾಡುವ ಕಾಲವೂ ಹೆಚ್ಚುಕಡಿಮೆ ಅದೇ. ಮಳೆಗಾಲದಲ್ಲಿ ಕೊಂಡರೆ ಮಳೆ ನಿಂತ ಮೇಲೆ ಇನ್ನೊಮ್ಮೆ ತಂತಿಯ ಎತ್ತರ ನೋಡಿಸಿ.

ಎಂಟು ವರ್ಷದ ಮಗಳಿಗೆ ಯಾವ ಸೈಜ್?

ಕೂತು ತೊಡೆಯ ಮೇಲೆ ಇಟ್ಟಾಗ ಬಲಗೈ ಭುಜ ಮೇಲೇಳದೆ ತಂತಿಯ ಮೇಲೆ ಬರಬೇಕು. ಎಡಗೈ ಪೂರ್ತಿ ಚಾಚದೆ ಮೊದಲ ಫ್ರೆಟ್ ಮುಟ್ಟಬೇಕು. ಎಂಟರಿಂದ ಹನ್ನೊಂದು ವರ್ಷದವರಿಗೆ ಸಾಮಾನ್ಯವಾಗಿ ಮುಕ್ಕಾಲು ಸೈಜ್ ಹೊಂದುತ್ತದೆ. ಯಮಹಾ ಸಿಎಸ್40 ಅಂಥ ನೈಲಾನ್ ತಂತಿಯ ಚಿಕ್ಕ ಗಿಟಾರ್, ತಂತಿಯ ಉದ್ದ 580 ಮಿ.ಮೀ. "ಬೆಳೀತಾಳೆ, ದೊಡ್ಡದೇ ಇರಲಿ" ಅಂತ 41 ಇಂಚಿನದು ತರಬೇಡಿ. ಯೂನಿಫಾರ್ಮ್‌ಗೆ ಆಗುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮಗುವನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಬಣ್ಣವನ್ನು ಅವಳೇ ಆರಿಸಲಿ.

ಆನ್‌ಲೈನ್‌ನಲ್ಲಿ ತರಿಸಬಹುದಾ?

ತರಿಸಬಹುದು. ವಾಪಸ್ ಮಾಡುವ ಅವಕಾಶ ಇರುವ ಕಡೆ ಮಾತ್ರ ತರಿಸಿ. ನಿಮ್ಮ ಪಿನ್‌ಕೋಡ್‌ಗೆ ಬರುತ್ತದಾ, ಬರದಿದ್ದರೆ ಪೇಟೆಯ ನೆಂಟರ ಮನೆಗೆ ತರಿಸಬಹುದಾ ನೋಡಿ. ಪೆಟ್ಟಿಗೆ ಬಿಚ್ಚುವಾಗ ಶುರುವಿನಿಂದ ವಿಡಿಯೋ ಮಾಡಿಕೊಳ್ಳಿ. ಬಂದ ದಿನವೇ ಎಟಿಎಂ ಕಾರ್ಡ್ ಪರೀಕ್ಷೆ, ಸ್ವರ ಪರೀಕ್ಷೆ ಎರಡೂ ಮುಗಿಸಿ. ಗಿಟಾರ್, ಬ್ಯಾಗ್, ಪಿಕ್, ಬೆಲ್ಟ್, ತಂತಿ ಎಲ್ಲ ಸೇರಿ 3,500 ಅನ್ನುವ ಕಾಂಬೋ ನೋಡಿ ಮರುಳಾಗಬೇಡಿ.

ಸೆಕೆಂಡ್ ಹ್ಯಾಂಡ್?

ನನಗೆ ಬಹಳ ಇಷ್ಟದ ದಾರಿ. ಶಿವಮೊಗ್ಗದಲ್ಲಿ ಕಾಲೇಜು ಮುಗಿಸಿ ಊರು ಬಿಡುವ ಹುಡುಗರು ಪ್ರತಿ ವರ್ಷ ಒಳ್ಳೆ ಗಿಟಾರ್ ಮಾರಿ ಹೋಗುತ್ತಾರೆ. 10,000ದ ಗಿಟಾರ್ ಅರ್ಧ ಬೆಲೆಗೆ ಸಿಕ್ಕಿದರೆ ಆಶ್ಚರ್ಯವಿಲ್ಲ. ಬ್ರಿಡ್ಜ್ ಹಿಂದೆ ಉಬ್ಬಿದೆಯಾ, ನೆಕ್ ತಿರುಚಿದೆಯಾ, ಸಣ್ಣ ತೂತು ಇದ್ದು ಹಿಟ್ಟಿನಂಥ ಪುಡಿ ಉದುರುತ್ತದಾ ನೋಡಿ. ಪುಡಿ ಇದ್ದರೆ ಕುಟ್ಟೆ ಹುಳ ಹಿಡಿದಿದೆ, ಮನೆಗೆ ತರಬೇಡಿ. ಗೀರು, ಕಲೆ, ಸ್ಟಿಕ್ಕರ್ ಗುರುತು ಇದ್ದರೆ ಏನೂ ತೊಂದರೆಯಿಲ್ಲ. ತಂತಿ ತುಕ್ಕು ಹಿಡಿದಿದ್ದರೂ ಚಿಂತೆ ಬೇಡ, ಹೇಗೂ ಬದಲಿಸಬೇಕು.

ಸೆಮಿ ಅಕೌಸ್ಟಿಕ್ ತಗೊಂಡರೆ ಮುಂದೆ ಸ್ಟೇಜಿಗೂ ಆಗುತ್ತೆ ಅಲ್ವಾ?

ಅಂಗಡಿಯಲ್ಲಿ ಸೆಮಿ ಅಕೌಸ್ಟಿಕ್ ಅನ್ನುವುದು ಪಿಕಪ್ (ತಂತಿಯ ಸದ್ದನ್ನು ಆಂಪ್‌ಗೆ ಕಳಿಸುವ ಸಾಧನ) ಕೂರಿಸಿದ ಅಕೌಸ್ಟಿಕ್ ಗಿಟಾರ್‌ಗೆ. ಒಂದೇ ಬೆಲೆಯಲ್ಲಿ ಎರಡಿದ್ದರೆ, ಪಿಕಪ್ ಇರುವುದರಲ್ಲಿ ಮರಕ್ಕೆ ಹಾಕಿದ ದುಡ್ಡು ಕಡಿಮೆ. ಮೊದಲಿಗೆ ಬೇಡ. ಗಣೇಶನ ಹಬ್ಬದ ಸ್ಟೇಜಿಗೆ ಮೈಕ್ ಮುಂದಿಟ್ಟರೂ ನಡೆಯುತ್ತದೆ, ಪಿಕಪ್ ಆಮೇಲೆ ಹಾಕಿಸಬಹುದು.

ನಾನು ಎಡಗೈಯವನು. ಲೆಫ್ಟ್ ಹ್ಯಾಂಡ್ ಗಿಟಾರ್ ಬೇಕಾ?

ಮೊದಲು ಯಾರದಾದರೂ ಮಾಮೂಲಿ ಗಿಟಾರ್ ಹಿಡಿದು ಒಂದು ವಾರ ನೋಡಿ. ಎರಡು ಕೈಗೂ ಸಮ ಕೆಲಸ ಇರುವುದರಿಂದ ತುಂಬಾ ಜನಕ್ಕೆ ಒಗ್ಗುತ್ತದೆ. ಆಮೇಲೆ ಗಿಟಾರ್ ಸಿಗುವುದೂ ಸುಲಭ. ತಾಳ ಹಿಡಿಯಲು ಬಲಗೈ ಮಾತೇ ಕೇಳುವುದಿಲ್ಲ ಅಂದರೆ ಮುಲಾಜಿಲ್ಲದೆ ಲೆಫ್ಟ್ ಹ್ಯಾಂಡ್ ತರಿಸಿ. ಅಮೆರಿಕದ ಹೆಸರಾಂತ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ನುಡಿಸಿದ್ದು ಎಡಗೈಯಲ್ಲೇ.

ಭಾವಗೀತೆ ಹಾಡ್ತೀನಿ. ನನ್ನ ಶ್ರುತಿಗೆ ಗಿಟಾರ್ ಹೊಂದುತ್ತಾ?

ಚೆನ್ನಾಗಿ ಹೊಂದುತ್ತದೆ, ಒಂದು ಕೇಪೋ ಕೊಳ್ಳಿ. ನೆಕ್ ಮೇಲೆ ಕ್ಲಿಪ್ ಹಾಗೆ ಕೂತು ಎಲ್ಲ ತಂತಿಯ ಶ್ರುತಿಯನ್ನೂ ಒಟ್ಟಿಗೆ ಏರಿಸುತ್ತದೆ. ಗಂಡಸರು ಹೆಚ್ಚಾಗಿ ಹಾಡುವ ಒಂದೂವರೆ ಮನೆ ಶ್ರುತಿ, ಅಂದರೆ ಹಾರ್ಮೋನಿಯಂನ ಕಪ್ಪು ಒಂದು, ಗಿಟಾರ್‌ನಲ್ಲಿ ಸಿ ಶಾರ್ಪ್. ಮೊದಲ ಫ್ರೆಟ್‌ಗೆ ಕೇಪೋ ಹಾಕಿ ಸಿ ಕಾರ್ಡಿನ ಕುಟುಂಬ ಹಿಡಿದರೆ ಆಯಿತು. ಹೆಂಗಸರ ಐದೂವರೆ ಮನೆಗೆ ಮೊದಲ ಫ್ರೆಟ್‌ನಲ್ಲೇ ಕೇಪೋ ಇಟ್ಟು ಜಿ ಕುಟುಂಬ ಹಿಡಿಯಿರಿ. ಐದು ಮನೆ ಆದರೆ ಕೇಪೋ ಇಲ್ಲದೆ ಜಿ. ಸುಮ್ನೆ ಕಷ್ಟದ ಕಾರ್ಡ್ಸ್ ಕಲಿಯುವ ತನಕ ಹಾಡನ್ನು ಮುಂದೂಡಬೇಕಿಲ್ಲ.

ಬೆರಳು ನೋವು ಎಷ್ಟು ದಿನ?

ದಿನಾ ಸ್ವಲ್ಪ ಸ್ವಲ್ಪ ನುಡಿಸಿದರೆ ಎರಡರಿಂದ ನಾಲ್ಕು ವಾರದಲ್ಲಿ ತುದಿ ಗಟ್ಟಿಯಾಗುತ್ತದೆ. ಅಡಿಕೆ ಸುಲಿದು ಅಂಗೈ ಗಟ್ಟಿ ಇದ್ದವರಿಗೂ ಬೆರಳ ತುದಿ ಹೊಸದಾಗಿಯೇ ಗಟ್ಟಿಯಾಗಬೇಕು. ದಿನಕ್ಕೆ ಹದಿನೈದು ನಿಮಿಷದಂತೆ ಎರಡು ಸಲ ಕೂತರೆ ಸಾಕು. ನೋವು ಮಣಿಕಟ್ಟಿಗೆ ಬಂದರೆ ನಿಲ್ಲಿಸಿ, ಕೂರುವ ರೀತಿ ನೋಡಿಸಿಕೊಳ್ಳಿ.

ತಂತಿ ಯಾವಾಗ ಬದಲಿಸಬೇಕು? ಯಾವುದು ಹಾಕಬೇಕು?

ಹೊಸಬರು ಸ್ಟೀಲ್ ತಂತಿಯಲ್ಲಿ ಎಕ್ಸ್‌ಟ್ರಾ ಲೈಟ್ ಕೇಳಿ, ಪೊಟ್ಟಣದ ಮೇಲೆ ತಂತಿಯ ದಪ್ಪ 10ರಿಂದ 47 ಅಂತ ಇರುತ್ತದೆ. 12ರಿಂದ ಶುರುವಾಗುವ ಸೆಟ್‌ಗಿಂತ ಒತ್ತಲು ತುಂಬಾ ಹಗುರ. ಮೂರು ನಾಲ್ಕು ತಿಂಗಳಿಗೊಮ್ಮೆ ಬದಲಿಸಿ. ಮಳೆಗಾಲದಲ್ಲಿ ಬೇಗ ತುಕ್ಕು ಹಿಡಿಯುವುದರಿಂದ ಕೋಟೆಡ್ (ಮೇಲೆ ಲೇಪ ಇರುವ) ತಂತಿ ಹಾಕಿದರೆ ದುಡ್ಡು ಜಾಸ್ತಿಯಾದರೂ ಬಾಳಿಕೆ ಬರುತ್ತದೆ. ಸಣ್ಣ ಇ ತಂತಿ ಬೇಗ ತುಂಡಾಗುತ್ತದೆ, ಬಿಡಿಯಾಗಿ ಎರಡು ತಂದು ಬ್ಯಾಗಿನ ಜೇಬಿನಲ್ಲಿ ಹಾಕಿಟ್ಟಿರಿ. ಭಾನುವಾರ ಸಂಜೆ ತುಂಡಾದರೆ ಹೊಸನಗರದಿಂದ ಶಿವಮೊಗ್ಗಕ್ಕೆ ಬಸ್ ಹತ್ತಿ ಬರಬೇಕಾಗುವುದಿಲ್ಲ.